ನಮ್ಮ ಮಾವನ ಮೂಗು, ಮಗಳ ರಾಗಿ ಸರಿ

ನಮ್ಮ ಸೋದರಮಾವ ಮದುವೆಯಾದವರಲ್ಲ, ಮಕ್ಕಳನ್ನು ಕಂಡವರಲ್ಲ. ಆದರೂ ಎಳೆಮಕ್ಕಳ ಬಾಯಿಗೆ ಏನು ಹಾಕಬೇಕು, ಏನು ಹಾಕಬಾರದು ಎಂಬ ವಿಷಯದಲ್ಲಿ ಮುಳಬಾಗಿಲು ತಾಲ್ಲೂಕಿನಲ್ಲೇ ಅವರಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಇದು ನನ್ನ ಅಭಿಪ್ರಾಯವಲ್ಲ, ಅವರದೇ!

ಈಗ ‘ಸಾವಯವ’ ಎಂದು ಬರೆದ ಪೊಟ್ಟಣ ಅಂಗಡಿಯಲ್ಲೇ ಸಿಗುತ್ತದೆ. ನಾನು ಹೇಳುತ್ತಿರುವುದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಆಗ ಆ ಪದ ನಮ್ಮ ಕಡೆ ಯಾರ ಬಾಯಲ್ಲೂ ಇರಲಿಲ್ಲ. ಯೂರಿಯಾ ಹಾಕಿದವನೇ ಬುದ್ಧಿವಂತ. ಮಾವ ಮಾತ್ರ ಬೈರಕೂರಿನ ತಮ್ಮ ಹೊಲಕ್ಕೆ ತಿಪ್ಪೆ ಗೊಬ್ಬರ ಬಿಟ್ಟು ಬೇರೇನೂ ಸೋಕಿಸದೆ, ಅಕ್ಕಪಕ್ಕದವರ ಅರ್ಧದಷ್ಟು ರಾಗಿ ಬೆಳೆದು, ಅವರ ಎರಡರಷ್ಟು ಜಂಬ ಪಡುತ್ತಿದ್ದರು.

ನನ್ನ ಮಗಳು ಎಂಟನೇ ತಿಂಗಳಿಗೇ ಹುಟ್ಟಿದವಳು. ಆರು ತಿಂಗಳು ತುಂಬಿದರೂ ಕೈಕಾಲು ಕಡ್ಡಿಯಂತಿದ್ದವು. ಡಾಕ್ಟರು, “ಮೇಲಿನ ಆಹಾರ ಶುರುಮಾಡಿ” ಎಂದರು. ಸುದ್ದಿ ಬೈರಕೂರು ಮುಟ್ಟಿದ್ದೇ ತಡ, ಮೊದಲ ಬಸ್ಸಿಗೇ ಮಾವ ಮುಳಬಾಗಿಲಿನ ನಮ್ಮ ಮನೆಗೆ ಬಂದಿಳಿದರು. ಹೆಗಲ ಮೇಲೆ ರಾಗಿ ಮೂಟೆ, ಕಂಕುಳಲ್ಲಿ ಬೀಸುವ ಕಲ್ಲಿನ ಮೇಲಿನ ಹೋಳು.

“ಕೆಳಗಿನ ಹೋಳು ಎಲ್ಲಿ ಮಾವ?”

“ಒಂದು ಬಸ್ಸಿಗೆ ಒಂದೇ ಕಲ್ಲು ಅಂದ ಕಂಡಕ್ಟರು. ಇನ್ನೊಂದು ಮಧ್ಯಾಹ್ನದ ಬಸ್ಸಿಗೆ ಬರ್ತದೆ.”

“ಮಿಲ್ಲಿಗೆ ಕೊಟ್ಟಿದ್ರೆ ಆಗ್ತಿರ್ಲಿಲ್ವಾ?”

“ಮಿಲ್ಲಲ್ಲಿ ಮೆಣಸಿನಕಾಯಿ ಬೀಸಿರ್ತಾರೆ ಕಣಮ್ಮ. ಕೂಸು ಕೆಮ್ಮಿದ್ರೆ ಮಿಲ್ಲಿನೋನು ಬಂದು ಬೆನ್ನು ತಟ್ತಾನಾ?”

ಅಷ್ಟರಲ್ಲಿ ಗೂಡಿನಲ್ಲಿದ್ದ ಡಬ್ಬ ಅವರ ಕಣ್ಣಿಗೆ ಬಿತ್ತು. ನಾನೇ ಆಸೆಪಟ್ಟು ತಂದ ಮಕ್ಕಳ ಪುಡಿ. ಮೇಲೆ ಗುಂಡುಗುಂಡಾದ ಮಗುವಿನ ಚಿತ್ರ. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಈ ಕೂಸು ಇದನ್ನೇ ತಿಂದು ಹಿಂಗಾಗಿದ್ದು ಅಂತ ಯಾರು ನೋಡಿದ್ದು? ಇದರ ಮುಖ ನೋಡಿದ್ರೆ ನಮ್ಮ ಕಡೆ ರಾಗಿ ತಿಂದಂಗೇ ಅದೆ.”

ಡಬ್ಬ ಆ ದಿನವೇ ಅಟ್ಟ ಸೇರಿತು.

ಯೂರಿಯಾ ಹಾಕಿದ ರಾಗಿಯನ್ನು ಮೂಸಿಯೇ ಹೇಳಬಲ್ಲೆ ಎಂಬುದು ಅವರ ಇನ್ನೊಂದು ಹೆಗ್ಗಳಿಕೆ. ನನ್ನ ಗಂಡನಿಗೆ ಇದನ್ನು ಪರೀಕ್ಷಿಸುವ ಚಪಲ. ಒಂದು ಕೈಯಲ್ಲಿ ಅಂಗಡಿ ರಾಗಿ, ಇನ್ನೊಂದರಲ್ಲಿ ಮಾವನ ರಾಗಿ ಹಿಡಿದು, ಅವರ ಕಣ್ಣಿಗೆ ಬಟ್ಟೆ ಕಟ್ಟಿಸಿ ಮುಂದೆ ನಿಂತರು. ಮಾವ ಆ ಕೈ ಮೂಸಿದರು, ಈ ಕೈ ಮೂಸಿದರು. 

“ಎರಡರಲ್ಲೂ ಸಿಗರೇಟು ವಾಸನೆ. ಮೊದ್ಲು ಕೈ ತೊಳ್ಕೊಂಡು ಬನ್ನಿ ಅಳಿಯಂದ್ರೇ.”

ಮಗು ಹುಟ್ಟಿದ ದಿನವೇ ಸಿಗರೇಟು ಬಿಟ್ಟೆ ಎಂದು ನನ್ನ ಕೈ ಮುಟ್ಟಿ ಹೇಳಿದ್ದ ಮಹಾನುಭಾವ ಆಮೇಲೆ ಯಾವ ಪರೀಕ್ಷೆಯ ಮಾತೂ ಎತ್ತಲಿಲ್ಲ.

ಮುಂದಿನದು ಹಾಲು. ಹಿಂದಿನ ಬೀದಿಯ ಮುನಿಯಮ್ಮನ ಹಸು ಏನು ತಿನ್ನುತ್ತದೆ ಎಂದು ಮಾವ ಕೇಳಿದ್ದಕ್ಕೆ, “ಗಡ್ಡಿ ತಿಂಟುಂದಿ ಸ್ವಾಮಿ, ಹುಲ್ಲು ಬಿಟ್ಟು ಇನ್ನೇನು ಹೋಳಿಗೆ ತಿಂತದಾ?” ಎಂದು ಆಕೆ ತೆಲುಗು ಬೆರೆಸಿ ರೇಗಿದಳು. ಮಾವ ನಂಬಲಿಲ್ಲ. ಇಡೀ ದಿನ ಹಸುವಿನ ಹಿಂದೆಯೇ ಊರು ಸುತ್ತಿ, ಸಂಜೆ ಧೂಳು ಮೆತ್ತಿಕೊಂಡು ಬಂದರು.

“ಬೆಳಿಗ್ಗೆ ಗರಿಕೆ ತಿಂದ್ಲು. ಒಳ್ಳೇದು. ಮಧ್ಯಾಹ್ನ ಬಸ್ ಸ್ಟ್ಯಾಂಡ್ ಗೋಡೆಗೆ ಸಿನಿಮಾ ಪೋಸ್ಟರ್ ಅಂಟಿಸಿದ್ರು. ಹೀರೋನ ಕಾಲಿಂದ ಸೊಂಟದ ತನಕ ತಿಂದ್ಲು. ಉಳಿದರ್ಧ ನಾಳೆಗೆ ಇಟ್ಟವಳೆ.”

ಹಸುವನ್ನು ಕಟ್ಟಿಹಾಕಿಸಿ, ತಾವೇ ಹುಲ್ಲು ಕೊಯ್ದು ತಂದು ಹಾಕಿದ ಮೇಲೆಯೇ ಅದರ ಹಾಲು ನಮ್ಮ ಹೊಸ್ತಿಲು ದಾಟಿದ್ದು.

ರಾಗಿ ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ತಮ್ಮ ಹೊಸ ಪಂಚೆಯನ್ನೇ ಹರಿದು ಅದರಲ್ಲಿ ಸೋಸಿ ಮಾವ ಎಳೆಮಕ್ಕಳ ಗಂಜಿಯಾದ ರಾಗಿ ಸರಿ ಕಾಯಿಸಿದರು. ಇಷ್ಟೆಲ್ಲ ಆದ ಮೇಲೆ ನನ್ನ ಮಗಳು ಬಾಯಿಯನ್ನೇ ತೆಗೆಯಲಿಲ್ಲ. ಒಂದು ದಿನ, ಎರಡು ದಿನ, ನಾಲ್ಕು ದಿನ. ಹಾಕಿದ್ದೆಲ್ಲ ಗಲ್ಲದ ಮೇಲೆ. ಡಾಕ್ಟರು ತೂಕ ನೋಡಿ, “ಹೀಗೇ ಆದರೆ ಕೋಲಾರದ ದೊಡ್ಡಾಸ್ಪತ್ರೆಗೆ ಸೇರಿಸಬೇಕಾಗುತ್ತದೆ” ಎಂದರು. ಮಾವ ಮತ್ತೆ ರಾಗಿ ಬೀಸಲು ಕೂತರು. ಮನೆಯಲ್ಲಿ ಬೀಸುವ ಕಲ್ಲಿನ ಸದ್ದು ಮಾತ್ರ.

ಐದನೇ ದಿನ ಅಮ್ಮ ಲಕ್ಕೂರಿನಿಂದ ಬಂದಳು. ಮಾವ ಜಗಲಿಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಟ್ಟಲು ಹಿಡಿದಿದ್ದರು. ಅಮ್ಮ ಅವರ ಪಕ್ಕದಲ್ಲಿ ಕೂತಳು.

“ಪಾಪಾ, ಆ ಅನ್ನು” ಎಂದರು ಮಾವ.

ಮಗಳಿಗೆ ಅಂದುಕೊಂಡೆ. ಆದರೆ ಕೈ ಹೋದದ್ದು ಅಮ್ಮನ ಕಡೆಗೆ. ತಲೆ ನರೆತ, ನಾಲ್ಕು ಮಕ್ಕಳನ್ನು ಹೆತ್ತ ನನ್ನಮ್ಮ ಬಾಯಿ ತೆರೆದಳು. ಮಾವ ತಿನ್ನಿಸಿ, ತುಟಿಯಂಚಿಗೆ ಅಂಟಿದ್ದನ್ನು ಟವೆಲಿನ ತುದಿಯಿಂದ ಒರೆಸಿದರು. ಮಗಳು ಅಜ್ಜಿಯ ಬಾಯನ್ನೇ ನೋಡಿದಳು. ಆಮೇಲೆ ತಾನೂ ತೆರೆದಳು. ಅರ್ಧ ಬಟ್ಟಲು ಖಾಲಿಯಾಯಿತು. ಕೋಲಾರದ ಮಾತು ಮತ್ತೆ ಬರಲಿಲ್ಲ.

ಮಾವ ಅಮ್ಮನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇರಲಿಲ್ಲ. ಯಾವಾಗಲೂ ‘ಪಾಪಾ’ ಅಷ್ಟೇ. ಯಾಕೆಂದು ಆ ದಿನ ಅಡುಗೆಮನೆಯಲ್ಲಿ ಮೊದಲ ಸಲ ಕೇಳಿದೆ.

“ನಾನು ಹುಟ್ಟಿ ಹನ್ನೊಂದನೇ ದಿನಕ್ಕೆ ನಮ್ಮಮ್ಮ ಹೋದ್ಳು. ಅಣ್ಣನಿಗೆ ಆಗ ಹದಿಮೂರು ವರ್ಷ. ಕೂಸು ಉಳಿಯಲ್ಲ, ಆಸೆ ಬಿಡಿ ಅಂದ್ರಂತೆ ಎಲ್ಲಾರೂ” ಎಂದು ಅಮ್ಮ ಬಟ್ಟಲು ತೊಳೆಯುತ್ತಾ ಹೇಳಿದಳು. “ಅವನೊಬ್ಬ ಒಪ್ಪಲಿಲ್ಲ ಕಣೇ.”