ಪುಸ್ತಕದಲ್ಲಿ ಹಾಗಿಲ್ಲ

ಮೈಸೂರಿನಿಂದ ಬರಬೇಕಿದ್ದ ಪೌರಾಣಿಕ ಚಿತ್ರದ ರೀಲುಡಬ್ಬದ ಬದಲು ಬಸ್ಸಿನವರು ಇಂಗ್ಲಿಷ್ ಚಿತ್ರದ್ದನ್ನು ಇಳಿಸಿಹೋದದ್ದೇ ಕೊಳ್ಳೇಗಾಲದ ಹೊನ್ನಯ್ಯನಿಗೆ ಶನಿಯಾಗಿ ಹೆಗಲೇರಿತು. ಅದು ಯಾವುದೋ ಹಳೆಯ ಇಂಗ್ಲಿಷ್ ಪ್ರೇಮ ಕಾದಂಬರಿಯ ಸಿನಿಮಾ. ಟೆಂಟ್ ಸಿನಿಮಾದ ಮಾಲೀಕ ಗುರುಮಲ್ಲಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಹೊನ್ನಯ್ಯ ತನ್ನ ಪಾಡಿಗೆ ತಾನು ಹೋಗಬಹುದಿತ್ತು. ಆದರೆ ಪಕ್ಕದಲ್ಲೇ ರೇಷ್ಮೆ ನೇಯುವ ಸಿದ್ದಯ್ಯ ನಿಂತಿದ್ದ. ಅವನ ಮಗಳು ರುದ್ರಾಣಿಯನ್ನು ಹೊನ್ನಯ್ಯನಿಗೆ ಕೊಡುವ ಮಾತು ನಡೆದಿತ್ತು. ಹುಡುಗ ನೇಕಾರರ ಸೊಸೈಟಿಯಲ್ಲಿ ಗುಮಾಸ್ತ, ಇಂಗ್ಲಿಷ್ ಬಲ್ಲವ ಎಂಬುದೊಂದೇ ಕಾರಣ.

“ಆ ಕಾದಂಬರಿ ನಾನು ಎರಡು ಸಲ ಓದಿದೀನಿ,” ಎಂದುಬಿಟ್ಟ ಹೊನ್ನಯ್ಯ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷು ಅವನನ್ನು ಎರಡು ಸಲ ಕೆಡವಿತ್ತು, ಅದು ಬೇರೆ ಮಾತು.

“ಅಂಗಾರೆ ಮೈಕ್ ಇಡ್ಕೊಂಡು ನೀನೇ ಕತೆ ಯೋಳ್ಬುಡು,” ಎಂದ ಗುರುಮಲ್ಲಪ್ಪ. ಸಿದ್ದಯ್ಯ ಹೆಮ್ಮೆಯಿಂದ ಮನೆಮಂದಿಯನ್ನು ಕರೆತರಲು ಹೊರಟ.

ಸಂಜೆಯ ಆಟಕ್ಕೆ ಟೆಂಟು ತುಂಬಿತು. ಪರದೆಯ ಮೇಲೆ ದೊಡ್ಡ ಬಂಗಲೆ, ಒಬ್ಬ ಹುಡುಗಿ, ಅವಳಪ್ಪ, ಒಬ್ಬ ಕರಿಕೋಟಿನವ. ಎಲ್ಲರೂ ಅರಳು ಹುರಿದ ಹಾಗೆ ಮಾತಾಡುತ್ತಿದ್ದರು. ಹೊನ್ನಯ್ಯನಿಗೆ ಒಂದಕ್ಷರ ಹತ್ತಲಿಲ್ಲ. ಹುಡುಗಿ ಕುದುರೆಗಾಡಿಯವನ ಕೈ ಹಿಡಿದು ಕೆಳಗಿಳಿದಳು. ಸದ್ಯ, ಕತೆ ಸಿಕ್ಕಿತು.

“ಇವಳಿಗೆ ಗಾಡಿಯವನ ಮೇಲೆ ಮನಸ್ಸು. ಅಪ್ಪ ಮಾತ್ರ ಓದಿದ ಕರಿಕೋಟಿನವನಿಗೇ ಕೊಡ್ತೀನಿ ಅಂತಾನೆ.”

“ಅಯ್ಯೋ ಪಾಪ,” ಎಂದಳು ಮುಂದೆ ಕೂತಿದ್ದ ನೆರೆಮನೆಯ ಮಹಾಲಕ್ಷ್ಮಮ್ಮ.

ಅಷ್ಟರಲ್ಲಿ ಒಬ್ಬ ಮುದುಕಿ ಕುರ್ಚಿಯಲ್ಲಿ ಕಣ್ಣು ಮುಚ್ಚಿದಳು. “ಅಜ್ಜಿ ಸತ್ತಳು. ಸಾಯೋವಾಗ, ಹುಡುಗೀನ ಒಂದು ಮಾತು ಕೇಳಪ್ಪ ಅಂದಳು,” ಎಂದ ಹೊನ್ನಯ್ಯ. ಸಿದ್ದಯ್ಯ ಟವೆಲಿನಿಂದ ಕಣ್ಣೊರೆಸಿಕೊಂಡ. ಆದರೆ ಮುಂದಿನ ರೀಲಿನಲ್ಲಿ ಅಜ್ಜಿ ಗೌನು ಹಿಡಿದು ಕುಣಿಯುತ್ತಿದ್ದಳು.

“ಒನ್ನಯ್ಯ, ಸತ್ತೋಳು ಕುಣೀತಾವ್ಳಲ್ಲ?” ಎಂದು ಯಾರೋ ಕೂಗಿದರು.

“ಪುಸ್ತಕದಲ್ಲಿ ಹಾಗಿಲ್ಲ. ಸಿನಿಮಾದವರು ಕೆಡಿಸಿದಾರೆ.”

ಈ ಮಾತು ಹೊನ್ನಯ್ಯನನ್ನು ಕೊನೆಯವರೆಗೂ ಕಾಪಾಡಿತು. ಕಡೆಗೆ ಚರ್ಚಿನಲ್ಲಿ ಹುಡುಗಿ ಕರಿಕೋಟಿನವನನ್ನೇ ಮದುವೆಯಾದಳು. ಜನ ಗುಲ್ಲೆಬ್ಬಿಸಿದರು.

“ಗಾಡಿಯೋನು ಎಲ್ಲೋದ್ನಪ್ಪ?”

“ಪುಸ್ತಕದಲ್ಲಿ ಅಪ್ಪ ಮಗಳನ್ನ ಕೇಳಿ ಗಾಡಿಯವನಿಗೇ ಕೊಡ್ತಾನೆ,” ಎಂದು ಹೊನ್ನಯ್ಯ ಮೈಕು ಕೆಳಗಿಟ್ಟ. ಟೆಂಟಿಗೆ ಟೆಂಟೇ ಚಪ್ಪಾಳೆ ಹೊಡೆಯಿತು. ಇನ್ನೇನು, ರುದ್ರಾಣಿ ತನ್ನವಳೇ ಎಂದುಕೊಂಡ.

ಸಿದ್ದಯ್ಯ ಬಂದು ಅವನ ಎರಡೂ ಕೈ ಹಿಡಿದುಕೊಂಡ. ಹಿಂದೆ ರುದ್ರಾಣಿ ತಲೆ ತಗ್ಗಿಸಿ ನಗುತ್ತಿದ್ದಳು.

“ನೀನು ನನ್ ಕಣ್ ತೆರೆಸ್ದೆ ಕಣಪ್ಪ. ಈಗ ಇಲ್ಲೇ ನನ್ ಮಗಳ್ನ ಒಂದ್ ಮಾತು ಕೇಳ್ದೆ. ನಮ್ಮ ಮಗ್ಗ ನೇಯ್ತಾನಲ್ಲ ಚಿಕ್ಕಮಾದಪ್ಪ, ಅವನ್ ಮ್ಯಾಲೆ ಮನಸಂತೆ. ಅವನ್ಗೇ ಕೊಡ್ತೀನಿ.”

ಹೊನ್ನಯ್ಯ ಪರದೆಯ ಕಡೆ ಕೈ ತೋರಿಸಿದ. “ಸಿನಿಮಾದಲ್ಲಿ ಓದಿದವನಿಗೇ ಕೊಟ್ರಲ್ಲ, ಸಿದ್ದಯ್ಯನೋರೆ?”

“ಆ ಕೆಟ್ಟಿರೋ ಕತೆ ನಮಗ್ಯಾಕೆ? ನಾನು ಪುಸ್ತಕದಲ್ಲಿ ಇರಂಗೇ ಮಾಡ್ತೀನಿ.”

ಪುಸ್ತಕದ ಮಾತೇ ಸುಳ್ಳು ಎನ್ನೋಣವೆಂದರೆ ಇಂಗ್ಲಿಷ್ ಬಲ್ಲವನೆಂಬ ಹೆಸರು ಹೋಗುತ್ತದೆ. ಇಂಗ್ಲಿಷ್ ಇಲ್ಲದ ಹೊನ್ನಯ್ಯನಿಗೆ ಹೆಣ್ಣು ಕೊಡುವವರು ಯಾರು? ಅವನು “ಒಳ್ಳೇದಾಗಲಿ” ಎಂದ.

ಹಿಂದಿನಿಂದ ಗುರುಮಲ್ಲಪ್ಪ ಹೆಗಲ ಮೇಲೆ ಕೈಯಿಟ್ಟ. “ಒನ್ನಯ್ಯ, ಜನ ಬುಡ್ತಿಲ್ಲ. ನಾಳೀಕೂ ಬಂದು ಇದೇ ಕತೆ ಯೋಳ್ಬೇಕು. ಚಿಕ್ಕಮಾದಪ್ಪನೂ ಬತ್ತಾನಂತೆ.”