ಅಚ್ಚು ಜಾರಿದ ನಾಣ್ಯ

ಭಾಲ್ಕಿಯ ಭಾಲಚಂದ್ರನಿಗೆ ಕಿರಾಣಿ ಅಂಗಡಿಯ ಚಿಲ್ಲರೆಯಲ್ಲಿ ವಿಚಿತ್ರವಾದ ಎರಡು ರೂಪಾಯಿ ನಾಣ್ಯ ಸಿಕ್ಕಿತ್ತು. ಟಂಕಸಾಲೆಯಲ್ಲಿ ಅಚ್ಚು ಜಾರಿ, ಸಿಂಹಗಳು ಬಸ್ಸಿನ ಬಾಗಿಲಿಗೆ ಜೋತುಬಿದ್ದವರಂತೆ ಅಂಚಿಗೆ ಸರಿದಿದ್ದವು, ಉಳಿದರ್ಧ ಬೋಳು. ಇಂಥ ತಪ್ಪು ನಾಣ್ಯ ಕೂಡಿಡುವುದು ಅವನಿಗಿದ್ದ ಒಂದೇ ಚಟ. ಭಾನುವಾರ ಬೆಳಿಗ್ಗೆ ಅದನ್ನು ಓಣಿಯಲ್ಲಿ ತೋರಿಸಿ ಕೆಟ್ಟ.

ಪಕ್ಕದ ಮನೆಯ ಮಚ್ಛೇಂದ್ರ, ಇದಕ್ಕಿಂತ ಶ್ರೇಷ್ಠ ನಾಣ್ಯ ಭೂಮಿಯ ಮೇಲಿಲ್ಲ ಎಂದ. ಎದುರುಮನೆಯ ಜುಲ್ಫೀಕಾರ ಎರಡೂ ಬದಿಗೆ ಸಿಂಹವಿದ್ದ ತನ್ನ ನಾಣ್ಯ ತಂದು, ರಾಜನೆಂದರೆ ಇದು ಎಂದ. ಬೀದರಿನ ಹಳೇ ನಾಣ್ಯದ ವ್ಯಾಪಾರಿ ಖಾಜಾ ಮಿಯಾನೇ ಫೈಸಲಾ ಮಾಡಲಿ ಎಂದು ಇಬ್ಬರೂ ಭಾಲಚಂದ್ರನ ತೋಳು ಹಿಡಿದರು.

ಅವನಿಗೋ ಮನಸ್ಸಿರಲಿಲ್ಲ. ಮಗಳು ಶರ್ವರಿ ಮೆಚ್ಚಿದ ಹುಡುಗನ ತಂದೆ ಸಂಜೆ ಹಲಬರ್ಗಾದಿಂದ ಮೊದಲ ಸಲ ಮನೆಗೆ ಬರುವವರಿದ್ದರು.

“ದೀಪ ಹಚ್ಚೂದ್ರೊಳಗ ಬರ್ರಿ,” ಎಂದಳು ಹೆಂಡತಿ ಪ್ರಮಿಲಾ. “ಮತ್ತ ಅವರ ಮುಂದ ಆ ಖೋಟಾ ರೊಕ್ಕದ ಮಾತು ತೆಗೀಬ್ಯಾಡ್ರಿ.”

ಬೀದರ ತಲುಪುವಷ್ಟರಲ್ಲಿ ಇಡೀ ಬಸ್ಸು ಎರಡು ಪಕ್ಷವಾಗಿತ್ತು. ಖಾಜಾ ಮಿಯಾ ಭೂತಗನ್ನಡಿ ಹಿಡಿದು, ಜುಲ್ಫೀಕಾರನದು ಎರಡು ನಾಣ್ಯ ಉಜ್ಜಿ ಅಂಟಿಸಿದ್ದು ಎಂದ, ಭಾಲಚಂದ್ರನದು ಅಸಲಿ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಖಾಜಾ ಮಿಯಾ ಅಚ್ಚೇ ಬೀಳದ ತನ್ನ ಬೋಳು ಬಿಲ್ಲೆಯೊಂದನ್ನು ತೆಗೆದು, ಎಲ್ಲಕ್ಕಿಂತ ಶ್ರೇಷ್ಠ ಇದು ಎಂದುಬಿಟ್ಟ.

“ಏನೂ ಬರೀದ ಮ್ಯಾಲ ತಪ್ಪು ಹ್ಯಾಂಗ ಆಗ್ತದ್ರಿ?” ಎಂದ ಮಚ್ಛೇಂದ್ರ.

ಅದರ ಮೇಲೆ ಮಧ್ಯಾಹ್ನವೆಲ್ಲ ಹೋಯಿತು. ಮರಳುವ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಒಂದು ಕಿವಿಗೆ ಮಚ್ಛೇಂದ್ರ, ಇನ್ನೊಂದಕ್ಕೆ ಜುಲ್ಫೀಕಾರ. ಭಾಲಚಂದ್ರ ಹಿಂಡಿದ ನಿಂಬೆಹಣ್ಣಿನಂತಾಗಿದ್ದ. ಕಂಡಕ್ಟರ್ ಚಿಲ್ಲರೆ ಕೇಳಿದಾಗ ಅವನು ಆ ನಾಣ್ಯವನ್ನೇ ತೆಗೆದುಕೊಟ್ಟ. ಕಂಡಕ್ಟರ್ ನೋಡದೆ ಚೀಲಕ್ಕೆ ಹಾಕಿಕೊಂಡ. ಬೆಳಗಿನಿಂದ ಮೊದಲ ಬಾರಿಗೆ ಇಬ್ಬರೂ ಬಾಯಿ ಮುಚ್ಚಿದರು. ಭಾಲಚಂದ್ರ ನಿಂತಲ್ಲೇ ಕಣ್ಣುಮುಚ್ಚಿ ಒಂದು ನಿದ್ದೆ ತೆಗೆದ.

ಮನೆ ಮುಟ್ಟಿದಾಗ ಕತ್ತಲಾಗಿತ್ತು. ಹುಡುಗನ ತಂದೆ ಸಿಟ್ಟಾಗಿರಲಿಲ್ಲ. ಎದ್ದುಬಂದು ಅವನ ಕೈ ಹಿಡಿದುಕೊಂಡರು.

“ಹುಡುಗಿ ನಮ್ಮ ಮಂದಿಗೆಲ್ಲ ಪಸಂದ ಅದಾಳ್ರಿ. ನಿಮ್ಮ ನಾಣ್ಯದ ಮಾತು ಮನ್ಯಾಗ ಕೇಳಿದೆ, ನಾನೂ ತಪ್ಪು ನಾಣ್ಯ ಕೂಡಿಸ್ತೇನ್ರಿ. ಅಚ್ಚು ಜಾರಿದ್ದು ಒಂದೂ ಸಿಕ್ಕಿಲ್ಲ. ಎಲ್ಲದ್ರಾಗ ಅದೇ ದೊಡ್ಡದು ನೋಡ್ರಿ.”

ಪ್ರಮಿಲಾಳ ಮುಖ ಹಬ್ಬದಂತಿತ್ತು. “ಸಂಬಂಧದ ನೆನಪಿಗಿ ಅದನ್ನ ಇವರಿಗೇ ಕೊಡ್ತೇವಿ ಅಂತ ಮಾತು ಕೊಟ್ಟೇನ್ರಿ,” ಎಂದಳು ಗಂಡನಿಗೆ. “ತೆಗೀರಿ, ಕೊಡ್ರಿ.”

ಭಾಲಚಂದ್ರ ಚಪ್ಪಲಿ ಬಿಚ್ಚಲಿಲ್ಲ. ಹೊಸ್ತಿಲಲ್ಲೇ ಹಿಂದಕ್ಕೆ ತಿರುಗಿ, ಆ ಬಸ್ಸು ರಾತ್ರಿ ಎಲ್ಲಿ ತಂಗುತ್ತದೆ ಎಂದು ಹಿಂದೆಯೇ ಬಂದಿದ್ದ ಮಚ್ಛೇಂದ್ರನನ್ನು ಮೆಲ್ಲಗೆ ಕೇಳಿದ.