ಹದಿನೇಳು ಚುಕ್ಕಿ

ಮದುವೆ ಮನೆಯಲ್ಲಿ ಒಬ್ಬ ಮಾವ ಇದ್ದೇ ಇರುತ್ತಾನೆ. ಅಡುಗೆಯವರು ಅಡುಗೆ ಮಾಡುತ್ತಿರುತ್ತಾರೆ, ಬಡಿಸುವವರು ಬಡಿಸುತ್ತಿರುತ್ತಾರೆ, ಈತ ಪಂಕ್ತಿಯ ನಡುವೆ ನಿಂತು 'ಅನ್ನ ತರ್ರಿ, ಸಾರು ತರ್ರಿ' ಎಂದು ಒದರುತ್ತಿರುತ್ತಾನೆ. ಅನ್ನ ಸಾರು ಹೇಗೂ ಬರುತ್ತಲೇ ಇರುತ್ತವೆ. ಆದರೆ ತಾನು ಒದರಿದ್ದರಿಂದಲೇ ಬಂದವು ಎಂಬ ಸಮಾಧಾನ ಆತನಿಗೆ. ಮರುದಿನ ಗಂಟಲು ಕಟ್ಟಿಕೊಂಡು, ಬಿಸಿನೀರು ಕುಡಿಯುತ್ತಾ, ನಾನಿಲ್ಲದಿದ್ದರೆ ನಿನ್ನೆ ಏನಾಗುತ್ತಿತ್ತೋ ಎಂದು ಸನ್ನೆಯಲ್ಲಿ ಹೇಳುತ್ತಾನೆ. ಇಂಥವರನ್ನು ಕಂಡು ನಾನು ಬಹಳ ನಕ್ಕಿದ್ದೇನೆ. ನಾನೂ ಅವರ ಪೈಕಿಯೇ ಎಂದು ತಿಳಿದದ್ದು ಈಚೆಗೆ, ಅದೂ ಮೊಬೈಲಿನೊಳಗಿನ ಕೆಲವು ಚುಕ್ಕಿಗಳಿಂದ.

ನಾನು ಶಹಾಪುರದ ಒಂದು ಪ್ರೌಢಶಾಲೆಯಲ್ಲಿ ಪಿ.ಟಿ. ಮಾಸ್ತರ. ಸರ್ಕಾರಿ ಕಾಗದದಲ್ಲಿ ದೈಹಿಕ ಶಿಕ್ಷಣ ಶಿಕ್ಷಕ ಎಂದಿದೆ, ಆದರೆ ಹಾಗೆ ಕರೆದರೆ ನಾನೇ ಹಿಂದೆ ತಿರುಗಿ ಬೇರೆ ಯಾರೋ ಬಂದರೇನೋ ಎಂದು ನೋಡುತ್ತೇನೆ. ಗಣಿತದ ಮಾಸ್ತರು ರಜೆ ಹಾಕಿದ ದಿನ ಅವರ ತರಗತಿಯನ್ನು ಸುಮ್ಮನೆ ಕೂರಿಸುವುದು, ಮಂತ್ರಿಗಳು ಬಂದಾಗ ಮಕ್ಕಳನ್ನು ರಸ್ತೆ ಬದಿಗೆ ನೆಟ್ಟಗೆ ನಿಲ್ಲಿಸುವುದು, ಇವೂ ದೈಹಿಕ ಶಿಕ್ಷಣದಲ್ಲಿಯೇ ಬರುತ್ತವೆ. ಇದಕ್ಕೆಲ್ಲ ನನ್ನ ಬಂಡವಾಳ ಗಂಟಲೊಂದೇ. ನಾನು ಮೈದಾನದಲ್ಲಿ 'ಸಾವಧಾನ್' ಎಂದರೆ ಹೊರಗೆ ಹತ್ತಿ ಹೇರಿಕೊಂಡು ಹೋಗುವ ಲಾರಿಯ ಕ್ಲೀನರೂ ನೆಟ್ಟಗಾಗುತ್ತಾನೆ ಎಂದು ನಮ್ಮ ಹೆಡ್ ಮಾಸ್ತರರು ಬಂದವರಿಗೆಲ್ಲ ಹೇಳುತ್ತಾರೆ. ಅದು ಹೊಗಳಿಕೆಯೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಸಾಬಮ್ಮ ಎಂಬ ಹುಡುಗಿ ಹತ್ತನೇ ಕ್ಲಾಸಿನಲ್ಲಿದ್ದಳು. ಹಳ್ಳಿಯಿಂದ ಬಸ್ಸಿಗೆ ಬಂದು ಹೋಗುತ್ತಿದ್ದಳು. ಉದ್ದ ಜಿಗಿತದಲ್ಲಿ ಅವಳಂಥವಳು ನನ್ನ ಕೈಗೆ ಹಿಂದೆ ಸಿಕ್ಕಿರಲಿಲ್ಲ. ಹಾರಿದರೆ ಮರಳಿನ ಆಚೆ ಅಂಚಿಗೆ ಬಿದ್ದಾಳೆಂದು ನೋಡುವವರೇ ಹಿಂದೆ ಸರಿಯುತ್ತಿದ್ದರು. ಆದರೆ ಹತ್ತು ಸಲ ಹಾರಿದರೆ ಎಂಟು ಸಲ ಫೌಲು. ಕಾಲು ಗೆರೆಯನ್ನು ಎರಡು ಬೆರಳಷ್ಟು ದಾಟಿರುತ್ತಿತ್ತು. ತಾಲೂಕಿನಲ್ಲಿ ಹೇಗೋ ಒಂದು ಜಿಗಿತ ನೆಟ್ಟಗೆ ಬಿದ್ದು ಗೆಲ್ಲುವಳು, ಯಾದಗಿರಿಗೆ ಹೋದರೆ ಮೂರಕ್ಕೆ ಮೂರೂ ಕೆಂಪು ಬಾವುಟ. ಎರಡು ವರ್ಷ ಇದೇ ಆಯಿತು. ಒಂದು ದಿನ ಅವಳ ತಾಯಿ ಹೊಲದ ಕೆಲಸ ಬಿಟ್ಟು ಶಾಲೆಗೇ ಬಂದರು. ಸಿಟ್ಟಿನಿಂದ ಬಂದವರಲ್ಲ, ಲೆಕ್ಕ ಹಾಕಿಕೊಂಡು ಬಂದವರು.

"ಈ ಸಲಾನೂ ಹಂಗ ಆದ್ರ ಸಾಕ್ರಿ ಸರ್," ಎಂದರು. "ಸಾಲಿ ಬಿಟ್ಟ ಕೂಡ್ಲೇ ಮೊದಲನೇ ಬಸ್ಸಿಗೆ ಮನಿಗೆ ಬರ್ಲಿ. ಹತ್ತು ಮುಗೀತು ಅಂದ್ರ ಸಾಲಿನೂ ಮುಗೀತು."

ಗೆದ್ದರೆ ಕಲಬುರಗಿಗೆ ವಿಭಾಗ ಮಟ್ಟಕ್ಕೆ, ಅಲ್ಲಿಂದ ಕ್ರೀಡಾ ಹಾಸ್ಟೆಲಿಗೆ, ಅಲ್ಲೇ ಉಳಿದು ಪಿ.ಯು. ಓದುವುದಕ್ಕೆ. ಸೋತರೆ ಮೊದಲನೇ ಬಸ್ಸು. ಹುಡುಗಿಯ ಮುಂದಿನ ಓದೆಲ್ಲ ಎರಡು ಬೆರಳಿನ ಮೇಲೆ ನಿಂತಿತ್ತು.

ತಪ್ಪು ಎಲ್ಲಿದೆ ಎಂದು ನಾನು ಹುಡುಕದೆ ಬಿಟ್ಟ ಜಾಗವಿಲ್ಲ. ಓಟದ ಹೆಜ್ಜೆ ಬದಲಿಸಿದೆ, ಬೂಟು ಬದಲಿಸಿದೆ, ಮುಂಜಾನೆ ರೊಟ್ಟಿ ಕಡಿಮೆ ತಿನ್ನು ಎಂದೆ, ಗಾಳಿಯ ಮೇಲೂ ತಪ್ಪು ಹೊರಿಸಿದೆ. ಅಷ್ಟರಲ್ಲಿ ಒಂದು ತರಬೇತಿಯಲ್ಲಿ ಕನ್ನಡಕದ ತರುಣರೊಬ್ಬರು ಮೊಬೈಲಿನ ಆ್ಯಪ್ ಒಂದನ್ನು ತೋರಿಸಿದರು. ಆಟಗಾರರ ವಿಡಿಯೋ ಕೊಟ್ಟರೆ ಅದು ಮೈಮೇಲೆ ಹದಿನೇಳು ಚುಕ್ಕಿ ಇಡುತ್ತದೆ. ಮೂಗು ಒಂದು, ಕಣ್ಣು, ಕಿವಿ, ಭುಜ, ಮೊಣಕೈ, ಮಣಿಕಟ್ಟು, ಟೊಂಕ, ಮೊಣಕಾಲು, ಹಿಮ್ಮಡಿಯ ಮೇಲಿನ ಕೀಲು, ಇವು ಎರಡೆರಡು. ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದು ಮನುಷ್ಯನನ್ನು ಕಡ್ಡಿಯ ಗೊಂಬೆ ಮಾಡುತ್ತದೆ. ಗೊಂಬೆ ಓಡಿದಾಗ ಯಾವ ಕೀಲು ಎಷ್ಟು ಮಡಚಿತು, ಎಲ್ಲಿ ತಪ್ಪಿತು, ಎಲ್ಲವೂ ಕಾಣುತ್ತದಂತೆ. ಉಳಿದ ಮಾಸ್ತರರು ಊಟದ ಹೊತ್ತಾಯಿತೇ ಎಂದು ನೋಡುತ್ತಿದ್ದರು. ನಾನು ಮಾತ್ರ ಅದನ್ನು ಮೊಬೈಲಿಗೆ ಹಾಕಿಸಿಕೊಂಡು, ವಿಜ್ಞಾನವನ್ನೇ ಕಿಸೆಯಲ್ಲಿಟ್ಟುಕೊಂಡವನ ಗತ್ತಿನಲ್ಲಿ ಊರಿಗೆ ಬಂದೆ.

ಸ್ಕೂಟರಿನ ಸೀಟಿನ ಮೇಲೆ ಊಟದ ಡಬ್ಬಿ, ಡಬ್ಬಿಗೆ ಆನಿಸಿ ಮೊಬೈಲು. ಮೊದಲ ದಿನದ ವಿಡಿಯೋದಲ್ಲಿ ಸಾಬಮ್ಮ ಓಡಿ ಬರುವಾಗ ಒಂದು ಆಡು ಅಡ್ಡ ಬಂತು. ಚುಕ್ಕಿಗಳೆಲ್ಲ ಹುಡುಗಿಯನ್ನು ಬಿಟ್ಟು ಆಡಿನ ಮೈಗೆ ಹತ್ತಿದವು. ಆ್ಯಪ್ ಆಡಿಗೂ ಭುಜ, ಮೊಣಕೈ ಹುಡುಕಿಕೊಟ್ಟಿತು. ನ್ಯಾಯವಾಗಿ ಹೇಳಬೇಕೆಂದರೆ ಆಡು ಗೆರೆಯನ್ನು ಮುಟ್ಟದೆ ಚೆನ್ನಾಗಿಯೇ ಜಿಗಿಯಿತು. ಮರುದಿನ ಆಡಿರಲಿಲ್ಲ, ಆದರೆ ಸಾಬಮ್ಮ ಹಾಕಿಕೊಂಡದ್ದು ಸಡಿಲವಾದ ಚೂಡಿದಾರ. ಮೊಣಕಾಲಿನ ಚುಕ್ಕಿ ಬಟ್ಟೆಯೊಳಗೆ ತಪ್ಪಿಸಿಕೊಂಡು ಒಮ್ಮೆ ತೊಡೆಗೆ, ಒಮ್ಮೆ ಗಾಳಿಗೆ ಹೋಗುತ್ತಿತ್ತು. ಅಂಥಲ್ಲಿ ನಾವೇ ಬೆರಳಿನಿಂದ ಚುಕ್ಕಿಯನ್ನು ಎಳೆದು ಸರಿಯಾದ ಜಾಗಕ್ಕೆ ತರಬೇಕು. ಒಂದು ಸೆಕೆಂಡಿಗೆ ಮೂವತ್ತು ಚಿತ್ರ. ನನ್ನ ಬೆರಳೋ, ಒಂದು ಚುಕ್ಕಿ ಮುಟ್ಟಿದರೆ ಮೂರು ಚುಕ್ಕಿ ಅಡಿಗೆ ಸಿಕ್ಕಿ ಒದ್ದಾಡುತ್ತವೆ.

ನನ್ನ ಹೆಂಡತಿ ಮಹಾದೇವಿ ಮನೆಯಲ್ಲೇ ಬ್ಲೌಸು, ಲಂಗ ಹೊಲಿಯುತ್ತಾಳೆ. ಸೂಜಿಯ ಕಣ್ಣಿಗೆ ದಾರ ಏರಿಸುವ ಕೈ. ನಾನು ಎರಡು ಸಂಜೆ ಮೊಬೈಲಿನೊಂದಿಗೆ ಗುದ್ದಾಡುವುದನ್ನು ಮಷೀನಿನ ಹಿಂದಿನಿಂದಲೇ ನೋಡಿ, ಮೂರನೆಯ ಸಂಜೆ ಎದ್ದು ಬಂದು ಕಸಿದುಕೊಂಡಳು. ನಾನು ಇಟ್ಟ ಚುಕ್ಕಿಗಳನ್ನು ನೋಡಿದವಳೇ, ಈ ಹುಡುಗಿಗೆ ಹೊಟ್ಟೆಯಿಂದಲೇ ಕಾಲು ಬಂದಾವಲ್ಲ ಎಂದಳು. ಟೊಂಕ ಎಲ್ಲಿದೆಯೆಂದು ನನಗೆ ಹೇಳಿಕೊಡಲು ಬಂದೆಯಾ ಎಂದು ನಾನು ರೇಗಿದೆ. ಇಪ್ಪತ್ತನಾಲ್ಕು ವರ್ಷ 'ಟೊಂಕದ ಮ್ಯಾಲ ಕೈ' ಎಂದು ಕವಾಯತು ಮಾಡಿಸಿದವನು ನಾನು. ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿಯೇ ಟೊಂಕ.

"ಅಲ್ಲಿ ನಾ ಲಂಗದ ಲಾಡಿ ಹಾಕ್ತೀನ್ರಿ," ಎಂದಳು. "ಕಾಲು ಹುಟ್ಟೋದು ಅದರ ಕೆಳಗ ಒಂದು ಗೇಣಿಗೆ."

ಆ್ಯಪ್‌ನ ಸೂಚನೆ ತೆಗೆದು ನೋಡಿದೆ. ತೊಡೆಯ ಮೂಳೆ ಕೂಡುವ ಸಂದು ಎಂದಿತ್ತು. ಅಂದರೆ ಅವಳು ಹೇಳಿದ್ದೇ. ಇಪ್ಪತ್ತನಾಲ್ಕು ವರ್ಷ ಊರಿನ ಮಕ್ಕಳೆಲ್ಲ ನನ್ನ ಮಾತು ಕೇಳಿ ಲಾಡಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಅಂದಿನಿಂದ ಚುಕ್ಕಿಯ ಕೆಲಸ ಅವಳಿಗೆ, ಪಕ್ಕದಲ್ಲಿ ಕೂತು ಸಲಹೆ ಕೊಡುವ ಕೆಲಸ ನನಗೆ ಎಂದು ತಾನಾಗಿಯೇ ಹಂಚಿಕೆಯಾಯಿತು. ಅವಳು ಸಲಹೆ ತೆಗೆದುಕೊಳ್ಳುತ್ತಿರಲಿಲ್ಲ, ಆದರೆ ನಾನು ಕೊಡುವುದನ್ನು ಬಿಡಲಿಲ್ಲ.

ಸಾಬಮ್ಮ ವಿಡಿಯೋದಲ್ಲಿ ಬಲದಿಂದ ಎಡಕ್ಕೆ ಓಡುತ್ತಾಳೆ. ಪಕ್ಕದಿಂದ ತೆಗೆದದ್ದರಿಂದ ಒಂದೇ ಕಿವಿ ಕಾಣುತ್ತದೆ. ಕಾಣದ ಅಂಗಕ್ಕೆ ಚುಕ್ಕಿ ಇಡಬಾರದು ಎಂಬುದು ಆ್ಯಪ್‌ನ ಕಟ್ಟುನಿಟ್ಟು. ಮಹಾದೇವಿ ಚಿತ್ರದಿಂದ ಚಿತ್ರಕ್ಕೆ ಒಂದೇ ಕಿವಿಗೆ ಚುಕ್ಕಿ ಇಡುತ್ತಾ ಹೋದವಳು ಕೊನೆಯ ಚಿತ್ರಗಳಿಗೆ ಬಂದು ಕೈ ನಿಲ್ಲಿಸಿದಳು. ಇಲ್ಲಿ ಈ ಹುಡುಗಿಗೆ ಎರಡು ಕಿವಿ ಬರುತ್ತವೆ ಎಂದಳು. ನೀನೇ ತಪ್ಪಿರಬೇಕು ಎಂದೆ. ಅವಳು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದಳು. ಗೆರೆ ಇನ್ನೇನು ಬಂತು ಎನ್ನುವ ನಾಲ್ಕು ಚಿತ್ರಗಳಲ್ಲಿ ಸಾಬಮ್ಮ ಮುಂದೆ ನೋಡುವುದನ್ನು ಬಿಟ್ಟು ಪೂರ್ತಿ ನಮ್ಮ ಕಡೆ ತಿರುಗಿದ್ದಳು. ಮೂಗು, ಎರಡು ಕಣ್ಣು, ಎರಡು ಕಿವಿ, ಐದೂ ಕಾಣುತ್ತಿದ್ದವು. ಬೇರೆ ವಿಡಿಯೋ ತೆರೆದು ನೋಡಿದೆವು, ಅಲ್ಲೂ ಅದೇ. ಫೌಲಾದ ಪ್ರತಿಯೊಂದರಲ್ಲೂ ಎರಡು ಕಿವಿ.

ಯಾರನ್ನು ನೋಡುತ್ತಾಳೆ ಇವಳು ಎಂದು ನಾನೇ ಕೇಳಿದೆ. ಮಹಾದೇವಿ ಚಿತ್ರದ ಅಂಚನ್ನು ಹಿಗ್ಗಿಸಿದಳು. ಅಲ್ಲಿ ಒಬ್ಬ ದಪ್ಪ ಆಸಾಮಿ ಒಂದು ಕೈ ಮೇಲೆತ್ತಿ ನಿಂತಿದ್ದ. ಆ್ಯಪ್ ಭೇದ ಮಾಡದೆ ಅವನಿಗೂ ಹದಿನೇಳು ಚುಕ್ಕಿ ಇಟ್ಟಿತ್ತು. ಅವನ ಬಾಯಿ ಒಂದು ಲಾಡು ಹಿಡಿಸುವಷ್ಟು ತೆರೆದಿತ್ತು. ಟೀ ಶರ್ಟು ನನ್ನದೇ.

"ಇಷ್ಟೆಲ್ಲಾ ಚುಕ್ಕಿ ಇಟ್ಟಾರ," ಎಂದಳು ಮಹಾದೇವಿ, "ಬಾಯಿಗೆ ಒಂದೂ ಇಟ್ಟಿಲ್ಲಲ್ರಿ."

ಮರುದಿನ ಸಾಬಮ್ಮನನ್ನು ಕರೆದು, ಓಡುವಾಗ ನನ್ನನ್ನು ಯಾಕೆ ನೋಡುತ್ತೀ ಎಂದು ಕೇಳಿದೆ. ಅವಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ನೀವು 'ಜಿಗಿ' ಅಂದ ಮ್ಯಾಲ ಜಿಗಿಬೇಕಲ್ರಿ ಸರ್? ಎಂಟನೇದಾಗ ನೀವ ಹೇಳೀರಿ." ಹೇಳಿರಬೇಕು. ಅವಳ ಕಾಲು ಗೆರೆಯ ಹತ್ತಿರ ಬಂದದ್ದನ್ನು ಕಂಡು ನಾನು ಒದರುತ್ತೇನೆ. ನಾನು ಒದರಿದ್ದನ್ನು ಕೇಳಿ ಅವಳು ಜಿಗಿಯುತ್ತಾಳೆ. ನೋಡಿ ಒದರುವುದಕ್ಕೂ ಕೇಳಿ ಜಿಗಿಯುವುದಕ್ಕೂ ನಡುವೆ ಆ ಎರಡು ಬೆರಳು. ಮೂರು ವರ್ಷ ಅವಳು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದಕ್ಕೆ ಸಿಕ್ಕ ಕೂಲಿ ಕೆಂಪು ಬಾವುಟ. ನನಗೆ ನಾಚಿಕೆಯಾಯಿತು. ಹುಡುಗಿಯ ಮುಂದೆ ಅದನ್ನು ತೋರಿಸದೆ, ಹೊಸ ವಿಧಾನ ಬಂದಿದೆ, ಇನ್ನು ಮೇಲೆ ನೋಡದೆ ಜಿಗಿಯಬೇಕು ಎಂದು ಮಾತ್ರ ಹೇಳಿದೆ.

ಹೇಳುವುದು ಸುಲಭ. ನಾನು ಪಕ್ಕದಲ್ಲಿ ನಿಂತರೆ ಅವಳ ಕುತ್ತಿಗೆ ತಾನಾಗಿಯೇ ತಿರುಗುತ್ತಿತ್ತು. ಸುಮ್ಮನಿರಬೇಕೆಂದು ನಾನು ತುಟಿ ಬಿಗಿ ಹಿಡಿದರೂ ಗೆರೆ ಬಂದಾಗ ಗಂಟಲಿನಿಂದ ಏನೋ ಒಂದು ಹೊರಡುತ್ತಿತ್ತು. ಕೊನೆಗೆ ಯಾದಗಿರಿಯ ಜಿಲ್ಲಾ ಕ್ರೀಡಾಕೂಟದ ದಿನ ಮಹಾದೇವಿಯೇ ತೀರ್ಮಾನ ಹೇಳಿದಳು. ಹೆಣ್ಣುಮಕ್ಕಳ ಸಂಗಡ ಒಬ್ಬ ಹೆಂಗಸು ಬೇಕೆಂದು ಅವಳೂ ಬಂದಿದ್ದಳು. ನಾನು ಮೈದಾನದೊಳಗೆ ಕಾಲಿಡುವ ಹಾಗಿಲ್ಲ ಎಂಬುದೇ ಆ ತೀರ್ಮಾನ.

ಹಾಗಾಗಿ ಇಪ್ಪತ್ತನಾಲ್ಕು ವರ್ಷದ ಅನುಭವವುಳ್ಳ ತರಬೇತುದಾರ ಕಾಂಪೌಂಡಿನ ಹೊರಗೆ ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತ. ಒಳಗಿನಿಂದ ತಾಲೂಕು ತಾಲೂಕಿನ ಮಾಸ್ತರರ ದನಿ ಕೇಳುತ್ತಿತ್ತು. ಸುರಪುರದವರದು ಎಲ್ಲರಿಗಿಂತ ಜೋರು. ಹಿಂದೆಯಾಗಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದೆ, ಈಗ ಅವರ ಹುಡುಗಿಯ ಬಗ್ಗೆ ಮರುಕವಾಯಿತು. ಗೋಡೆಯ ಆಚೆ ಏನಾಗುತ್ತಿದೆ ಎಂದು ತಿಳಿಯದೆ ಮೂರು ಗ್ಲಾಸು ಕಬ್ಬಿನ ಹಾಲು ಕುಡಿದೆ. ನಿಜ ಹೇಳುತ್ತೇನೆ, ಅಷ್ಟು ಹೆದರಿಕೆ ನನ್ನ ಸ್ವಂತ ಮದುವೆಯ ದಿನವೂ ಆಗಿರಲಿಲ್ಲ.

ಆಮೇಲೆ ಮಹಾದೇವಿ ಹೇಳಿದಂತೆ, ಮೊದಲನೆಯ ಜಿಗಿತದಲ್ಲಿ ಸಾಬಮ್ಮ ರೂಢಿಯಂತೆ ತಿರುಗಿ ನನ್ನನ್ನು ಹುಡುಕಿದಳು. ನಾನಿರಲಿಲ್ಲ. ಹುಡುಕುತ್ತಲೇ ಗೆರೆ ದಾಟಿದಳು, ಕೆಂಪು ಬಾವುಟ. ಎರಡನೆಯದಕ್ಕೆ ನೆಟ್ಟಗೆ ನೋಡಿದಳು, ಆದರೆ ಹೆದರಿ ಗೆರೆಯ ಬಹಳ ಹಿಂದಿನಿಂದಲೇ ಜಿಗಿದಳು. ಮೂರನೆಯದನ್ನು ಮಹಾದೇವಿ ವಿಡಿಯೋ ತೆಗೆದಿದ್ದಾಳೆ. ಮೊದಲಿನಿಂದ ಕೊನೆಯವರೆಗೆ ಒಂದೇ ಕಿವಿ. ಜಿಲ್ಲೆಗೇ ಮೊದಲನೆಯವಳಾಗಿ ಹುಡುಗಿ ಮೈತುಂಬ ಮರಳು ಮೆತ್ತಿಕೊಂಡು ಹೊರಗೆ ಓಡಿಬಂದು, ಕಬ್ಬಿನ ಗಾಡಿಯ ಮುಂದೆ ನನ್ನ ಕಾಲಿಗೆ ಬಿದ್ದಳು. ನನ್ನ ಕಣ್ಣು ತುಂಬಿ ಬಂದವು. ಕಬ್ಬು ಹಿಂಡುವಾಗ ಸಿಡಿಯಿತು ಎಂದೆ.

ಸಂಜೆ ಶಹಾಪುರದ ಬಸ್ಸು ಹತ್ತಿದೆವು. ಕಂಡಕ್ಟರು ನನ್ನ ಹಳೆಯ ಶಿಷ್ಯ ನಿಂಗಪ್ಪ. ಸಾಬಮ್ಮನ ಕೊರಳಿನ ಪದಕ ನೋಡಿ ಅವನಿಗೆ ಹಿಗ್ಗೋ ಹಿಗ್ಗು. ನಮ್ಮ ಸರ್ ತಯಾರು ಮಾಡಿದರೆ ಸುಮ್ಮನೆ ಅಲ್ಲ, ನಾನೂ ಒಂದು ಕಾಲಕ್ಕೆ ಉದ್ದ ಜಿಗಿತದವನೇ, ಸರ್ ಒದರಿದ ಮೇಲೆಯೇ ಜಿಗಿಯುತ್ತಿದ್ದೆ ಎಂದ. ನೀವೂ ಕಲಬುರಗಿಗೆ ಹೋಗಿದ್ದಿರಾ ಎಂದು ಸಾಬಮ್ಮ ಕೇಳಿದಳು.

"ಎಲ್ಲೀದು ತಂಗಿ," ಎಂದ ನಿಂಗಪ್ಪ, ನನಗೆ ಟಿಕೆಟು ಹರಿಯುತ್ತಾ. "ಯಾದಗಿರ್ಯಾಗ ಮೂರೂ ಫೌಲ್ ಆದ್ವು. ನನ್ನ ನಸೀಬು."

ಮಹಾದೇವಿ ಕಿಟಕಿಯ ಕಡೆ ತಿರುಗಿದಳು. ನಾನು ಒದರಿ ಫೌಲು ಮಾಡಿಸಿದವರು ನಿಂಗಪ್ಪನ ಹಿಂದೆ ಇನ್ನೆಷ್ಟು ಮಂದಿ ಸಾಲಾಗಿ ನಿಂತಿದ್ದಾರೋ ಎಂದು ಎಣಿಸಲು ಧೈರ್ಯವಾಗಲಿಲ್ಲ. ಅವನ ಕೈ ಹಿಡಿದು, ಜನ್ಮದಲ್ಲಿ ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದೆ.

"ನಸೀಬು ಅಲ್ಲೋ ನಿಂಗಪ್ಪ. ತಪ್ಪು ನಂದು."

ನಿಂಗಪ್ಪ ಬಸ್ಸಿನ ಮಂದಿಯ ಕಡೆ ತಿರುಗಿ, ನಾನೇ ಕಲಿಸಿದ ದನಿಯಲ್ಲಿ, ನೋಡ್ರಿ, ಗುರು ಅಂದ್ರ ಹಿಂಗಿರಬೇಕು, ಶಿಷ್ಯನ ತಪ್ಪನ್ನೂ ತಮ್ಮ ಮ್ಯಾಲ ಹಾಕ್ಕೋತಾರ ಎಂದು ಸಾರಿದ. ಮುಂದಿನ ಸೀಟಿನ ಹಿರಿಯರೊಬ್ಬರು ಎದ್ದು ನನಗೆ ಕೈ ಮುಗಿದರು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಹಾಗಲ್ಲ ಎಂದು ಹೇಳಲು ಬಸ್ಸಿನ ಸದ್ದನ್ನು ಮೀರಿ ಒಂದೇ ಒಂದು ಸಲ ಒದರಿದ್ದರೆ ಸಾಕಿತ್ತು. ನಾನು ಸುಮ್ಮನೆ ಕೈ ಮುಗಿದು ಕುಳಿತೆ.